ಎರಡು ಸುದ್ದಿಗಳ ನಡುವೆ

“ನಿಧಾನ, ಹೊಸಿಲಿದೆ!”

ಅವಳ ಗಂಡನ ಶವ ಮಲಗಿಸಲು ಹಜಾರದಲ್ಲಿ ಜಾಗ ಬೇಕಿತ್ತು. ಮೂವರು ಸೇರಿ ಟೇಪ್ ರೆಕಾರ್ಡರನ್ನು ಒಳಕೋಣೆಗೆ ಸಾಗಿಸುತ್ತಿದ್ದರು. ಬಾನುಲಿ ಕೇಂದ್ರದ ಹಳೆಯ ಯಂತ್ರ. ಊಟದ ತಟ್ಟೆಯಗಲದ ಎರಡು ಸುರುಳಿ, ಕಬ್ಬಿಣದ ಮೈ.

“ಇದನ್ನ ಹೊತ್ರೆ ಅಣ್ಣನ ಪಕ್ಕ ನಮ್ಮನ್ನೂ ಮಲಗಿಸ್ಬೇಕಾಗತ್ತೆ,” ಎಂದ ಮೈದುನ.

ಯಾರೂ ನಗಲಿಲ್ಲ. ಅವಳಿಗೆ ಮಾತ್ರ ನಗು ಬಂತು, ಅದರ ಬೆನ್ನಿಗೇ ಅಳು. ಇಪ್ಪತ್ತೆರಡು ವರ್ಷದಿಂದ ಅವಳು ಆ ಯಂತ್ರವನ್ನು ಸವತಿ ಎಂದೇ ಕರೆಯುತ್ತಿದ್ದಳು.

ಮಧ್ಯಾಹ್ನ ಎಲ್ಲ ಮುಗಿಸಿ ಬಂದರು. ಜನ ಕರಗಿದ ಮೇಲೆ, ಪೇಟೆಯಲ್ಲಿ ಹಾಡು ಮುದ್ರಿಸುವ ಸ್ಟುಡಿಯೋ ಇಟ್ಟುಕೊಂಡಿದ್ದವನು ಹಿಂಜರಿಯುತ್ತ ಬಂದ.

“ಅಮ್ಮಾ, ಇವತ್ತು ಕೇಳಬಾರದು. ಆದ್ರೂ ಆ ಮಷೀನು ಕೊಡೋದಾದ್ರೆ ನನಗೇ ಹೇಳಿ. ಕಂಪ್ಯೂಟರಲ್ಲಿ ಎಷ್ಟು ಚೊಕ್ಕವಾಗಿ ಹಿಡಿದ್ರೂ, ಹಾಡೋರು ಟೇಪೇ ಬೇಕು ಅಂತಾರೆ. ದನಿಗೆ ಮೈ ಬರತ್ತಂತೆ. ಯಜಮಾನ್ರನ್ನ ಮೂರು ಸಲ ಕೇಳ್ದೆ, ಒಪ್ಪಲಿಲ್ಲ.”

“ತಗೊಂಡ್ಹೋಗಪ್ಪ. ಹೆಂಡತಿಗಿಂತ ಚೆನ್ನಾಗಿ ಅದನ್ನ ನೋಡ್ಕೊಂಡ್ರು. ಹಾಕಿದ್ರೆ ಅದೇ ಹವಾಮಾನ ವಾರ್ತೆ! ಯಾವ ಕಾಲದಲ್ಲೋ ಬಂದ್ಹೋದ ಮಳೆ!”

ಮೂಲೆಯಲ್ಲಿ ಕೂತಿದ್ದ ಗಂಡನ ಗೆಳೆಯ ತಲೆಯೆತ್ತಿದ. ಕೇಂದ್ರದಲ್ಲಿ ವಾರ್ತೆ ಓದುತ್ತಿದ್ದವನು.

“ಕೊಡಬೇಡಿ ಅತ್ತಿಗೆ.”

*

ಮದುವೆಯಾದ ವರ್ಷ ಅವಳು ಬಾನುಲಿಯಲ್ಲಿ ಒಂದೇ ಒಂದು ಹಾಡು ಹಾಡಿದ್ದಳು. ಗಾಜಿನಾಚೆ ಗಂಡ ಯಂತ್ರದ ಮುಂದೆ ನಿಂತು, ಬೆರಳೆತ್ತಿ, ಶುರು ಮಾಡು ಎಂದು ಸನ್ನೆ ಮಾಡಿದ್ದ. ಮರುವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವಳ ದನಿ ಒಡೆಯಿತು.

“ನನ್ನ ಹಾಡು ತಂದು ಕೇಳಿಸ್ರೀ,” ಎಂದಾಗಲೆಲ್ಲ ಅವನು “ಹುಡುಕ್ತೀನಿ” ಎನ್ನುತ್ತಿದ್ದ.

“ನಿಮಗೆ ನನ್ನ ಹಾಡು ಅಂದ್ರೆ ಅಷ್ಟಕ್ಕಷ್ಟೇ,” ಎಂದಳು ಕೊನೆಗೊಮ್ಮೆ. ಮತ್ತೆ ಕೇಳಲಿಲ್ಲ. ಅವನೂ ಹೇಳಲಿಲ್ಲ.

*

“ಹಳೇ ಟೇಪೆಲ್ಲ ಅಳಿಸಿ ಬಳಸಿ ಅಂತ ಆದೇಶ ಬಂದಿತ್ತು,” ಎಂದ ಗೆಳೆಯ. “ಡಬ್ಬಿ ಮೇಲೆ ಬರೀ ನಂಬರು. ಗೊತ್ತಿಲ್ದೆ ಅವನೇ, ತನ್ನ ಕೈಯಾರೆ ನಿಮ್ಮ ಹಾಡು ಅಳಿಸಿದ. ಅದರ ಮೇಲೆ ವಾರ್ತೆ ಓದಿದೋನು ನಾನು. ಗೊತ್ತಾದಾಗ ಕಲ್ಲಾಗಿ ಕೂತ. ಮಷೀನು ಗುಜರಿಗೆ ಹೋಗೋವಾಗ ಆ ಟೇಪಿನ ಸಮೇತ ಮನೆಗೆ ತಂದ. ಅಳಿಸಿದ್ದು ಪೂರ್ತಿ ಹೋಗಿರಲ್ಲ, ನಾನು ಉಸಿರು ತಗೊಳ್ಳೋ ಕಡೆ ನಿಮ್ಮ ದನಿ ಉಳಿದಿರತ್ತೆ ಅಂತ ಕೇಳ್ತಾ ಕೂರ್ತಿದ್ದ.”

“ನೀವಾದ್ರೂ ಹೇಳಬಾರದಿತ್ತಾ?”

“ನನ್ನ ಬಾಯಿಗೂ ಬೀಗ ಹಾಕಿಸಿದ್ದ.”

“ಒಂದು ದಿನ ಬೈತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ,” ಎಂದಳು ಅವಳು. “ಅಷ್ಟೇ ಅಲ್ವಾ?”

ಅವಳು ಎದ್ದು ಒಳಕೋಣೆಗೆ ಹೋದಳು. ಸ್ಟುಡಿಯೋದವನು ಹಿಂದೆಯೇ ಹೋಗಿ, ಅವಳ ಮುಖ ನೋಡಿ, ಗುಂಡಿ ಒತ್ತಿದ.

ಸುರುಳಿಗಳು ತಿರುಗಿದವು. ಗೆಳೆಯನ ಎಳೆಯ ದನಿ ಎಲ್ಲೆಲ್ಲಿ ಮಳೆಯಾಗಲಿದೆಯೆಂದು ಓದತೊಡಗಿತು. ಎರಡು ಸುದ್ದಿಗಳ ನಡುವೆ ಸುಯ್ ಎನ್ನುವ ಬಿಡುವು. ಅವಳು ಬಗ್ಗಿ ಕಿವಿಯಿಟ್ಟಳು. ಏನೂ ಇರಲಿಲ್ಲ. ಮತ್ತೊಂದು ಸುದ್ದಿ, ಮತ್ತೊಂದು ಬಿಡುವು. ಅಲ್ಲೂ ಇರಲಿಲ್ಲ.

ಮೂರನೆಯ ಬಿಡುವಿಗೆ ಅವಳೇ ಆ ಒಡೆದ ದನಿಯಲ್ಲಿ ಹಾಡಿನ ಮೊದಲ ಸಾಲು ಎತ್ತಿಕೊಂಡಳು. ಸುದ್ದಿ ಶುರುವಾದಾಗ ನಿಲ್ಲಿಸಿದಳು. ಯಂತ್ರದ ಮೇಲೆ ಕೈಯಿಟ್ಟು, ಮುಂದಿನ ಬಿಡುವಿಗೆ ಕಾಯುತ್ತ ನಿಂತಳು.