ಏಳು ಹಸಿರು ಚೌಕ

ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಅಳಿಸಿಹೋದ ಬದುಗಳನ್ನು ಹುಡುಕುವುದು ಮಾಲಾಳ ಕೆಲಸ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಅವಳ ಕಚೇರಿ. ಬದು ಉತ್ತುಹೋಗಿದ್ದರೂ ಪೈರು ಗುಟ್ಟು ಬಿಟ್ಟುಕೊಡುತ್ತದೆ: ಕೆಳಗೆ ಕಲ್ಲಿದ್ದರೆ ಬೇಗ ಹಳದಿಯಾಗುತ್ತದೆ, ಮುಚ್ಚಿದ ಕಾಲುವೆಯಿದ್ದರೆ ಕಡುಹಸಿರಾಗುತ್ತದೆ. ಆರು ವರ್ಷದ ಅನುಭವ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಖಾನಾಪುರದ ಬಳಿಯ ಗಂಗಾದೇವಿಯ ಹೊಲದಲ್ಲಿ ಅವಳಿಗೆ ಕಡುಹಸಿರು ಪಟ್ಟೆಯೊಂದು ಕಂಡಿತು. ಹಳೆಯ ಗಡಿಕಾಲುವೆ ಇದೇ ಎಂದು ಗೆರೆ ಎಳೆದಳು. ಆ ಗೆರೆಯಿಂದ ಗಂಗಾದೇವಿಯ ಗಂಡ ಈರಯ್ಯನ ಸಮಾಧಿ ನೆರೆಯ ಗುರುಪುತ್ರಪ್ಪನ ಹೊಲಕ್ಕೆ ಸೇರುತ್ತಿತ್ತು. ಮುದುಕಿ ಜಗಳವಾಡಲಿಲ್ಲ. ಶುಕ್ರವಾರ ಸುದ್ದಿ ತಿಳಿದು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಇನ್ನ ದೀಪಾ ಹಚ್ಚಾಕ ಅವರನ್ನ ಕೇಳಿ ಹೋಗಬೇಕೇನ, ಯವ್ವಾ?"

ಬೈದಿದ್ದರೆ ವಾಸಿಯಿತ್ತು. ಮಾಲಾಳಿಗೆ ಊಟ ಸೇರದಾಯಿತು. ಸೋಮವಾರ ವರದಿ ಹೋಗಬೇಕು.

ಭಾನುವಾರ ಹಿಂಡಲಗಾದ ಮನೆಯಲ್ಲಿ ಚಿತ್ರ ಹರವಿಕೊಂಡು ಕೂತಿದ್ದಳು. ಅಕ್ಕಿ ಆರಿಸುತ್ತಿದ್ದ ಅವ್ವ ಸತ್ಯವ್ವ ಇಣುಕಿದಳು. ಮದುವೆಯಾಗುವತನಕ ಕುರಿಯ ಹಿಂದೆಯೇ ಅಲೆದವಳು.

"ಕುರಿ ನಿಂತ ಹೊಲದ ಫೋಟೋ ಯಾಕ ತಂದೀ?"

"ಕುರಿ ಎಲ್ಲದಾವ ಬೇ? ಅದು ಹಳೇ ಕಾಲಿವಿ."

"ಕಾಲಿವಿ ತುಂಡ ತುಂಡಾಗಿ ಹರೀತೈತೇನ? ನೋಡಿಲ್ಲೆ, ರಾತ್ರಿಗೊಂದು ಚೌಕ. ಸುತ್ತ ಹಗ್ಗದ ಬಲಿ ಕಟ್ಟಿ ಒಳಗ ಕುರಿ ನಿಲ್ಲಸ್ತಾರ, ಮರುದಿನ ಮುಂದ ಸರಸ್ತಾರ. ಹಿಕ್ಕಿ ಬಿದ್ದಲ್ಲಿ ಪೀಕ ಕಪ್ಪ ಹಸರಾಗಿ ಬರತೈತಿ." ಸತ್ಯವ್ವ ಬೆರಳಿಟ್ಟು ಎಣಿಸಿದಳು. "ಏಳು ರಾತ್ರಿ."

ಚೌಕಗಳ ನಡುವಿನ ಸಂದುಗಳನ್ನು ಮಾಲಾ ತೆಳುಮೋಡದ ಮಸುಕೆಂದು ಬಿಟ್ಟಿದ್ದಳು. ಕುರುಬರ ಮೊಮ್ಮಗಳು ಕುರಿಯ ಹಿಕ್ಕೆಯನ್ನು ಕಾಲುವೆ ಮಾಡಿದ್ದಳು! ನಾಚಿಕೆಯಿಂದ ಕಿವಿ ಬಿಸಿಯಾದರೂ ಎದೆ ಹಗುರಾಯಿತು. ಕೂಡಲೇ ಗಂಗಾದೇವಿಗೆ ಫೋನು ಮಾಡಿದಳು.

"ಹೌದಲ್ಲ, ಬ್ಯಾಸಗ್ಯಾಗ ಕುರಿ ನಿಲ್ಲಿಸಿದ್ವಿ, ಒಂದು ವಾರ" ಎಂದಳು ಮುದುಕಿ.

ನೀರು ಕಡಿಮೆಯಾದಾಗಲೇ ಕೆಳಗಿನ ಕಲ್ಲು ಪೈರಿನಲ್ಲಿ ಚೆನ್ನಾಗಿ ಕಾಣುವುದೆಂದು ಮಾಲಾ ಮಳೆ ಕೈಕೊಟ್ಟ ವರ್ಷದ ಹಳೆಯ ಚಿತ್ರಗಳನ್ನು ತೆರೆದಳು. ತೆಳ್ಳನೆಯ ಹಳದಿ ಗೆರೆಯೊಂದು ಕಂಡಿತು, ಸಮಾಧಿಯಿಂದ ಆರಡಿ ಆಚೆಗೆ, ಗುರುಪುತ್ರಪ್ಪನ ಹೊಲದ ಕಡೆಗೆ.

ಮರುದಿನ ವರದಿಯನ್ನು ತಡೆದು, ಬಸ್ಸು ಹತ್ತಿ ಹೊಲಕ್ಕೆ ಹೋದಳು. ಅವಳು ತೋರಿಸಿದ ಜಾಗದಲ್ಲಿ ಗುರುಪುತ್ರಪ್ಪನೇ ಸಲಿಕೆ ಹಾಕಿದ. ಮೊಳದಾಳದಲ್ಲಿ ಹಳೆಯ ಬದುವಿನ ಸಾಲುಗಲ್ಲುಗಳು ಖಣ್ ಎಂದವು.

"ಚಲೋ ಆತ ಬಿಡ್ರಿ," ಎಂದು ಅವನು ಬೆವರು ಒರೆಸಿಕೊಂಡ. "ಈರಯ್ಯನ ಸಮಾಧಿ ಇಟ್ಕೊಂಡು ನಾ ಏನ ಮಾಡಾವ ಇದ್ನಿ?"

ಮಾಲಾ ಅಗೆದ ಮಣ್ಣಿನ ಪಕ್ಕ ಕೂತು, ಮೂರು ದಿನಗಳಲ್ಲಿ ಮೊದಲ ಬಾರಿ ಮನಸಾರೆ ನಕ್ಕಳು.

ಪಕ್ಕದಲ್ಲೇ ನಿಂತು ನೋಡುತ್ತಿದ್ದ ಗಂಗಾದೇವಿ ಸೆರಗಿನೊಳಗಿಂದ ತೆಂಗಿನಕಾಯಿ ತೆಗೆದಳು. ದೀಪ ಹಚ್ಚಲು ಅಪ್ಪಣೆ ಕೇಳುವಾಗ ಗುರುಪುತ್ರಪ್ಪನ ಕೈಗಿಡಬೇಕೆಂದು ಮನೆಯಿಂದ ತಂದದ್ದು.

"ನಮ್ಮ ಮನಿಯವರನ್ನ ನೋಡಾಕ ಇನ್ನ ಯಾರನ್ನೂ ಕೇಳೂದು ಬ್ಯಾಡ," ಎಂದವಳೇ ಕಾಯಿ ಹಿಡಿದು ಸಮಾಧಿಯ ಕಡೆ ನಡೆದಳು.