ಹೊರಗೆ ಹಾಕಿದವರು

ಬುಧವಾರ ಬೆಳಿಗ್ಗೆ ಶಿಕ್ಷಕ ಕೆಸ್ಲರ್, ನೊರೀನ್ ಟಿಬ್ಸ್‌ಳ ಅಂಕದ ಹಾಳೆಯ ಮೇಲೆ ‘ಮುಂಗೋಪಿ’ ಎಂದು ಬರೆದ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಹೆಸರು ಆಯ್ಕೆಯ ಪಟ್ಟಿಯಲ್ಲಿರಲಿಲ್ಲ.

“ಹೆಸರು ವಾಪಸು ಬರೋಕೆ ಒಂದು ದಾರಿ ಇದೆ ಕಣಮ್ಮಾ,” ಎಂದ ಹ್ಯಾಸ್ಕೆಲ್, ಗುರುವಾರ ಬೆಳಿಗ್ಗೆ. ಬೇಸ್‌ಬಾಲ್ ಅಂಪೈರ್‌ಗಳ ತರಬೇತಿ ಶಿಬಿರದ ಮುಖ್ಯಸ್ಥ ಅವನು. ಮೈದಾನದ ಬೇಲಿಗೆ ಒರಗಿ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಿದ್ದ. “ನಿನ್ನೆ ಆಟ ಎಲ್ಲಿ ನಿಲ್ತೋ ಅಲ್ಲಿಂದಲೇ ಇವತ್ತು ಶುರು. ಕೆಸ್ಲರ್ ಅವನ ಜಾಗದಲ್ಲಿ ಕೂತಿರ್ತಾನೆ. ನೀನು ‘ಪ್ಲೇ’ ಅಂದು ಆಟ ಶುರು ಮಾಡು, ಅಷ್ಟೆ. ಕ್ಷಮೆ ಗಿಮೆ ಏನೂ ಬೇಡ. ನಿನ್ನೆದು ನಡೀಲೇ ಇಲ್ಲ ಅಂದ್ಕೋ.”

“ಅಂದ್ರೆ ಪಟ್ಟಿಗೆ ಹಾಕ್ತೀರಾ?”

“ಸಂಜೆಗೇ ಹಾಕ್ತೀನಿ.”

ಫ್ಲಾರಿಡಾದ ಆ ಶಿಬಿರಕ್ಕೆ ಜನವರಿಯಲ್ಲಿ ಬಂದವರು ನೂರ ಎಂಟು ಜನ. ಕೆಳ ಹಂತದ ಲೀಗ್‌ಗಳಲ್ಲಿ ಅಂಪೈರ್ ಕೆಲಸ ಸಿಗುವುದು ಇಪ್ಪತ್ತು ಮಂದಿಗೆ. ಮೊಬೀಲ್ ಊರಿನ ಹೋಟೆಲೊಂದರ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಹಾಸಿಗೆ ಬಟ್ಟೆ ಒಗೆದವಳು ನೊರೀನ್. ಬಟ್ಟೆ ಒಣಗಿಸುವ ಯಂತ್ರದ ಗಾಜಿನ ಬಾಗಿಲಲ್ಲಿ ತನ್ನ ಪ್ರತಿಬಿಂಬ ನೋಡಿಕೊಂಡು ಔಟ್ ಕೊಡುವ ಕೈಸನ್ನೆ ಕಲಿತವಳು. ಐದು ವಾರದ ರಜೆ ಕೇಳಿದಾಗ ಮೇಲ್ವಿಚಾರಕ, “ಹೋಗು, ಆದರೆ ಜಾಗ ಇಟ್ಟಿರಲ್ಲ,” ಅಂದಿದ್ದ. ಅವಳು ಬಂದೇಬಿಟ್ಟಳು. ವಯಸ್ಸು ಮೂವತ್ತನಾಲ್ಕು. ಈ ಸಲ ತಪ್ಪಿದರೆ ಮುಂದಿನ ವರ್ಷ ಅವಳನ್ನು ಯಾರೂ ನೋಡುವುದಿಲ್ಲ.

ಮೊದಲ ದಿನದ ಪಾಠ ಹೇಳಿದ್ದು ಇದೇ ಕೆಸ್ಲರ್. “ತಂಡದ ಮ್ಯಾನೇಜರ್ ಬಂದು ನಿಮ್ಮ ತೀರ್ಪನ್ನ ಬೈತಾನೆ. ಬೈಲಿ. ಕುರುಡು ತೀರ್ಪು, ಕೊಳೆತ ತೀರ್ಪು, ಏನಾದ್ರೂ ಅನ್ಲಿ, ಕೇಳಿಸ್ಕೊಳಿ. ನಿಮ್ಮನ್ನೇ ಬೈದ ಅನ್ನಿ, ಆ ಕ್ಷಣ ಅವನನ್ನ ಮೈದಾನದಿಂದ ಹೊರಗೆ ಹಾಕಿ. ಯೋಚನೆ ಮಾಡ್ತಾ ನಿಂತ್ರೋ, ಇಡೀ ಲೀಗು ನಿಮ್ಮ ತಲೆ ಮೇಲೆ ಹತ್ತುತ್ತೆ.” ಅಭ್ಯಾಸದ ಆಟಗಳಲ್ಲಿ ಸಿಟ್ಟಿನ ಮ್ಯಾನೇಜರ್‌ಗಳ ಪಾತ್ರ ಹಾಕುವವರು ಶಿಕ್ಷಕರೇ.

ಬುಧವಾರ ನೊರೀನ್ ಪ್ಲೇಟಿನ ಬಳಿ, ಹೊಡೆಯುವವನು ನಿಲ್ಲುವ ಬಿಳಿ ಹಲಗೆಯ ಹತ್ತಿರ, ಒಬ್ಬ ಆಟಗಾರನಿಗೆ ಔಟ್ ಕೊಟ್ಟಳು. ಮ್ಯಾನೇಜರ್ ಪಾತ್ರದಲ್ಲಿದ್ದ ಕೆಸ್ಲರ್ ಓಡಿಬಂದು ಅವಳ ಬೂಟಿನ ಮೇಲೆ ಮಣ್ಣು ಒದ್ದ. “ನನ್ನ ಅಜ್ಜಿಯೂ ಕೊಡದಂಥಾ ತೀರ್ಪು!” ಎಂದ. ಅವಳು ಕೈ ಹಿಂದೆ ಕಟ್ಟಿ ನಿಂತೇ ಇದ್ದಳು. ಅವನು ಮುಖಕ್ಕೆ ಮುಖ ತಂದ, ದನಿ ತಗ್ಗಿಸಿದ. “ಹೋಗೇ, ಹೋಟೆಲಿನ ಕೊಳೆ ಬಟ್ಟೆ ಒಗಿ. ನಿನ್ನಂಥಾ ಕಪ್ಪು ಕೈಗೆ ಸೋಪೇ ಸರಿ.”

ನೊರೀನಳ ತೋಳು ಬೀಸಿ ಮೇಲೆದ್ದಿತು. “ಹೊರಗೆ!”

ಕೆಸ್ಲರ್ ನಕ್ಕ. “ನನ್ನನ್ನಾ? ಲೇ, ನಿಂಗೆ ಅಂಕ ಕೊಡೋನು ನಾನು!” ಹೋಗಿ ತನ್ನ ಬೆಂಚಿನ ಮೇಲೆ ಕೂತು ಪೆನ್ನು ತೆಗೆದ.

ಈಗ ಅದೇ ಮೈದಾನ. ಅವಳ ಜೊತೆಗಾರ ಒಸ್ವಾಲ್ಡೊ, ಓಡುವವರು ಮುಟ್ಟುವ ಬೇಸ್‌ಗಳನ್ನು ನೋಡಿಕೊಳ್ಳುವ ಅಂಪೈರ್, ಹತ್ತಿರ ಬಂದು ಪಿಸುಗುಟ್ಟಿದ. “ಒಂದೇ ಒಂದು ಮಾತು ಅಕ್ಕಾ. ನುಂಗಿಬಿಡು. ಕೆಲಸ ಸಿಕ್ಕ ಮೇಲೆ ಅಂಥೋರನ್ನ ದಿನಕ್ಕೆ ನಾಲ್ಕು ಜನರನ್ನ ಓಡಿಸು, ನಾನೇ ಚಪ್ಪಾಳೆ ತಟ್ತೀನಿ.”

“ಇವತ್ತು ನುಂಗಿದ್ರೆ ಆವತ್ತು ಬಾಯಿ ಬರುತ್ತೇನೋ?”

ಅವನು ತನ್ನ ಜಾಗಕ್ಕೆ ಹೋದ.

ಅವಳು ಬಗ್ಗಿ ಪ್ಲೇಟಿನ ಮಣ್ಣು ಗುಡಿಸಿದಳು. ಹೊಡೆಯುವವನು ಬಂದು ನಿಂತ. ಅವನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕುಕ್ಕರಗಾಲಲ್ಲಿ ಕೂತು, ಚೆಂಡಿಗಾಗಿ ಹಿಂದೆ ನಿಂತ ನೊರೀನಳತ್ತ ಕೈ ಚಾಚಿದ. ಬೆಂಚಿನ ಮೇಲೆ ಕೆಸ್ಲರ್ ಕಂಬಿಗೆ ಕಾಲು ಕೊಟ್ಟು ಕೂತಿದ್ದ. ಕೈ ಎತ್ತಿ ಬೆರಳು ಆಡಿಸಿದ, ಮಗುವಿಗೆ ಟಾಟಾ ಮಾಡುವಂತೆ. ಸುತ್ತ ನಿಂತಿದ್ದ ಶಿಬಿರದ ಹುಡುಗರಲ್ಲಿ ಇಬ್ಬರು ಮೂವರು ಕಿಸಕ್ಕೆಂದರು.

“ಟಿಬ್ಸ್! ಪ್ಲೇ ಅನ್ನು!” ಬಲೆಯ ಹಿಂದಿನಿಂದ ಹ್ಯಾಸ್ಕೆಲ್ ಕೂಗಿದ.

ನೊರೀನ್ ಚೆಂಡು ತಾಗದಂತೆ ಹಾಕಿದ್ದ ಮುಖವಾಡ ತೆಗೆದಳು. “ನಾನು ಹೊರಗೆ ಹಾಕಿದವರು ಇನ್ನೂ ಒಳಗಿದ್ದಾರೆ ಸರ್.”

“ಇದು ನಿಜವಾದ ಆಟ ಅಲ್ಲಮ್ಮಾ. ಅಭ್ಯಾಸ.”

“ಅವರು ನನಗಂದಿದ್ದೂ ಅಭ್ಯಾಸಾನಾ?”

ಕೆಸ್ಲರ್ ಕಂಬಿಯಿಂದ ಕಾಲು ಇಳಿಸಿದ, ಏಳಲಿಲ್ಲ.

“ನೋಡು, ಊರಿಗೆ ಬಸ್ಸು ಹತ್ತಿಸ್ತೀನಿ,” ಹ್ಯಾಸ್ಕೆಲ್‌ನ ದನಿ ಬದಲಾಗಿತ್ತು. “ಕೊನೇ ಸಲ ಹೇಳ್ತಿದೀನಿ. ಚೆಂಡು ಕೊಡು, ಪ್ಲೇ ಅನ್ನು.”

“ಅವರು ಹೋಗಲಿ, ಅಂತೀನಿ.”

ಅವಳ ಸೊಂಟದ ಚೀಲದಲ್ಲಿ ಚೆಂಡುಗಳಿದ್ದವು. ಅವಳು ಚೀಲದ ಬಾಯಿಗೆ ಅಂಗೈ ಒತ್ತಿ ನಿಂತಳು. ಚಾಚಿದ್ದ ಕೈಯನ್ನು ಕ್ಯಾಚರ್ ಹಿಂದಕ್ಕೆಳೆದುಕೊಂಡ. ಮೈದಾನದ ನಡುವಿನ ದಿಬ್ಬದ ಮೇಲೆ ಚೆಂಡೆಸೆಯಬೇಕಾದವನು ಅವಳನ್ನು ನೋಡಿದ, ಬೆಂಚಿನ ಕಡೆ ನೋಡಿದ. ಆಮೇಲೆ ಕೈಗವಸು ಕಳಚಿ ಪಕ್ಕಕ್ಕಿಟ್ಟು ಅಲ್ಲೇ ಮಣ್ಣಿನ ಮೇಲೆ ಕೂತ.