ಎಡಗಡೆಯ ಬಣ್ಣ

"ಇನ್ನೊಸಿ ನೀರು ಚಿಮುಕ್ಸಮ್ಮಿ, ಧೂಳೆದ್ರೆ ಎಲ್ಲಾ ಕೆಟ್ಟೋಯ್ತದೆ" ಎಂದು ಪುಟ್ಟಬಸವಯ್ಯ ಕೂಗಿದ. ಹೆಂಡತಿ ಚನ್ನಬಸಮ್ಮ ಚೊಂಬಿನ ನೀರನ್ನು ಬೊಗಸೆಯಲ್ಲಿ ತೆಗೆದು ಹಿತ್ತಿಲ ನೆಲಕ್ಕೆ ಎರಚಿದಳು. ಸೀಬೆ ಮರದ ಕೊಂಬೆಯಿಂದ ರಾಜದೂತ್ ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕು ತಂತಿಯಲ್ಲಿ ತೂಗುತ್ತಿತ್ತು. ಉಳಿದ ಗಾಡಿ ಹೆಡ್‌ಲೈಟಿಗೆ ಹಳೆ ಪೇಪರು ಸುತ್ತಿಸಿಕೊಂಡು ಗೋಡೆಗೆ ಒರಗಿತ್ತು. ಸೊಳ್ಳೆಗೆ ಔಷಧಿ ಹೊಡೆಯುವ ತಗಡಿನ ಪಂಪಿಗೆ ತಿನ್ನರ್ ಬೆರೆಸಿದ ಕರಿ ಬಣ್ಣ ತುಂಬಿ ಅವನು ಒಂದೇ ಸಮನೆ ಒತ್ತುತ್ತಿದ್ದ. ಹಳೆಯ ಕೆಂಪು ಬಣ್ಣವನ್ನು ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಗಳು ಸುಲಿದಿದ್ದವು.

ಪಕ್ಕದ ಮನೆ ಮಹದೇವಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. "ಏನ್ ಬಸವಯ್ಯನೋರೆ, ಮುದಿ ಗಾಡಿಗೆ ಮದ್ವೆ ಮಾಡೀರಾ?"

"ಊಂ ಕಣಮ್ಮ. ಹೆಣ್ಣಿದ್ರೆ ಏಳು."

"ನಿಮ್ಮ ಸ್ನೇಹಿತ ಮರಿಸ್ವಾಮಿ ಬಸ್‌ಸ್ಟ್ಯಾಂಡಲ್ಲಿ ಪೇಂಟ್ ಅಂಗಡಿ ಮಡೀಕಂಡವ್ನೆ. ಅವ್ನಿಗೆ ಕೊಟ್ರೆ ಪಳಪಳ ಅನ್ಸ್ತಿದ್ದ. ಸಾಯೋವಾಗ ದುಡ್ಡು ಕಟ್ಕೊಂಡು ಓದೀರಾ ಸ್ವಾಮಿ?"

ಪುಟ್ಟಬಸವಯ್ಯ ನಕ್ಕ. ಚನ್ನಬಸಮ್ಮನಿಗೆ ನಗು ಬರಲಿಲ್ಲ. ಮರಿಸ್ವಾಮಿ ಮೊನ್ನೆ ಮನೆಗೇ ಬಂದು, "ಬಣ್ಣದ ಕಾಸು ಕೊಡಣ್ಣ, ಕೂಲಿ ಬ್ಯಾಡ" ಅಂದಿದ್ದ. ಆದರೂ ಇವನು ಒಪ್ಪಿರಲಿಲ್ಲ.

ಪುಟ್ಟಬಸವಯ್ಯ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಮದುವೆಗೆ ಮುಂಚಿನಿಂದ ಅದೇ ರಸ್ತೆ. ಅವನ ಚಕ್ರಕ್ಕೆ ಸಿಕ್ಕಿ ಒಂದು ಕೋಳಿ ಸತ್ತಿದ್ದೂ ಇಲ್ಲ. ಹೆಡತಲೆ ಊರಿನ ಕಡೆಯ ಮುದುಕಿಯರು ಅವನ ಬಸ್ಸೇ ಬರಲಿ ಎಂದು ಬೇರೆ ಬಸ್ಸು ಬಿಟ್ಟು ಕಾಯುತ್ತಿದ್ದರು. ಅಂಥವನ ರಾಜದೂತ್ ಈ ಮಳೆಗಾಲದಿಂದ ಒಂದಲ್ಲ ಒಂದು ಕಡೆ ತಗುಲಿಸಿಕೊಂಡು ಬರುತ್ತಿತ್ತು. ಒಮ್ಮೆ ಎಮ್ಮೆ ಅಡ್ಡ ಬಂತು ಎಂದ. ಇನ್ನೊಮ್ಮೆ ಯಾರೋ ರಸ್ತೆಗೆ ಕಲ್ಲು ಹಾಕಿದ್ದರು ಎಂದ. ಲೆಗ್‌ಗಾರ್ಡ್ ಬಾಗಿತ್ತು, ಪಕ್ಕದ ಡಬ್ಬಿ ಸೀಳಿತ್ತು, ಟ್ಯಾಂಕು ತರಚಿತ್ತು. ಎಲ್ಲವೂ ಎಡಗಡೆ. ಬಲಗಡೆ ಒಂದು ಗೀರೂ ಇರಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವನು ಪಂಪು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸೊಂಟಕ್ಕೆ ಕೈಕೊಟ್ಟು, "ಎಂಗದೆ?" ಎಂದ.

ಮುಂದಿನಿಂದ ಚೆನ್ನಾಗಿಯೇ ಇತ್ತು. ಆದರೆ ಟ್ಯಾಂಕಿನ ಎಡತುದಿಯಲ್ಲಿ ಅಂಗೈ ಅಗಲ ಜಾಗಕ್ಕೆ ಬಣ್ಣವೇ ತಾಗಿರಲಿಲ್ಲ. ಹಳೆಯ ಕೆಂಪು ಹಾಗೇ ಉಳಿದಿತ್ತು. ಮಡ್‌ಗಾರ್ಡಿನ ಎಡ ಅಂಚಿನಲ್ಲೂ ಹಾಗೇ.

"ಇಲ್ಲಿಗಿನ್ನೂ ಒಡೀಬೇಕಲ್ಲ?" ಎಂದಳು.

"ಎಲ್ಲಿಗೆ? ಮೂರು ಸಲ ಒಡ್ದಾಯ್ತು."

ಅವಳು ಬೆರಳು ತೋರಿಸಿದಳು. ಅವನ ಕಣ್ಣು ಬೆರಳಿನ ಕಡೆ ತಿರುಗಲಿಲ್ಲ. ಒಂದು ಗಳಿಗೆ ಬಿಟ್ಟು ಇಡೀ ಕತ್ತನ್ನೇ ಕೋಳಿಯ ಹಾಗೆ ಹೊರಳಿಸಿ ನೋಡಿದ. "ಓ, ಅದಾ... ಮೋಡ ನೋಡು, ಬೆಳಕಿಲ್ಲ."

ಆಕಾಶದಲ್ಲಿ ತುಂಡು ಮೋಡವೂ ಇರಲಿಲ್ಲ.

ಅವಳು ಒಳಗೆ ಹೋಗಿ ಕಾಫಿ ಕಾಯಿಸಿದಳು. ಲೋಟ ತಂದು, ಎಂದಿನಂತೆ ಎದುರಿಗೆ ಹೋಗದೆ, ಅವನ ಎಡಗಡೆ ನಿಂತು ಕೈ ಚಾಚಿದಳು. ಅವನು ಸೀಮೆಎಣ್ಣೆ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದ. ಲೋಟದ ಹಬೆ ಅವನ ತೋಳಿನ ಪಕ್ಕದಲ್ಲೇ ಏಳುತ್ತಿತ್ತು. ಒರೆಸಿ ಮುಗಿಸಿ ಅಡುಗೆಮನೆ ಕಡೆ ಮುಖ ಮಾಡಿ, "ಕಾಫಿ ಏನಾಯ್ತೇ?" ಎಂದು ಕೂಗಿದ.

ಚನ್ನಬಸಮ್ಮ ಲೋಟವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ಸದ್ದಿಗೆ ಅವನು ತಿರುಗಿದ. ಅವಳ ಮುಖ ನೋಡಿದ ಮೇಲೆ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ಯಾವಾಗಿಂದ?"

"ಯುಗಾದಿ ಕಳ್ದ ಮೇಲೆ." ಅವನು ಕಲ್ಲಿನ ಅಂಚಿನಲ್ಲಿ ಕುಳಿತ. "ಮೈಸೂರಲ್ಲಿ ತೋರಿಸ್ದೆ. ಓಗಿರೋದು ಬರಾಕಿಲ್ವಂತೆ. ಇರೋದ ಉಳಿಸ್ಕೋ ಅಂತ ಕಣ್ಣಿಗೆ ಬಿಡೋ ಔಷಧಿ ಕೊಟ್ಟವ್ರೆ. ಎದುರಿಗಿರೋದು ಚೆನ್ನಾಗೇ ಕಾಣ್ತದೆ ಕಣೆ. ಎಡಗಡೆದು ಮಾತ್ರ..." ಕೈಯನ್ನು ಗಾಳಿಯಲ್ಲಿ ಆಡಿಸಿದ.

"ಮರಿಸ್ವಾಮಿಗೆ ಅದಕ್ಕೇ ಕೊಡ್ಲಿಲ್ವಾ?"

"ಅವ್ನ ಅಂಗ್ಡಿ ಮುಂದೆ ಡ್ರೈವರ್‌ಗಳೆಲ್ಲ ಟೀ ಕುಡೀತಾರೆ. ಗಾಡೀ ಎಡಗಡೆ ಪೆಟ್ಟು ನೋಡಿದ್ರೆ ಯಾವನಿಗಾದ್ರೂ ಗೊತ್ತಾಯ್ತದೆ."

"ಬಸ್ಸು?"

"ಆ ರೋಡು ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು."

"ರೋಡು ಅಲ್ಲೇ ಇರ್ತದೆ ಕಣ್ರೀ. ಮಕ್ಳು ನೆನ್ನೆ ನಿಂತ ತಾವೇ ಇವತ್ತೂ ನಿಂತಿರ್ತವಾ?"

ಅವನು ಉಗುರಿನ ಬಣ್ಣ ಕೆರೆಯುತ್ತಾ, "ಬಿಂದು ಟಿ.ಸಿ.ಎಚ್. ಮುಗೀಲಿ. ಮಾರ್ಚಿಗೆ ಬಿಟ್ಬುಡ್ತೀನಿ. ಸ್ಟೇರಿಂಗ್ ಬಿಟ್ಟು ಬೇರೆ ಏನ್ ಬತ್ತದೆ ನಂಗೆ? ಯಾರಿಗೂ ಏಳ್ಬ್ಯಾಡ" ಎಂದ. ಆ ದನಿಯಲ್ಲಿ ಅವನು ಹಿಂದೆಂದೂ ಅವಳಿಂದ ಏನನ್ನೂ ಕೇಳಿರಲಿಲ್ಲ. ಮಗಳ ಟೀಚರ್ ಓದು ಅವನ ಸಂಬಳದ ಮೇಲೆಯೇ ನಿಂತಿತ್ತು.

ಸಂಜೆ ಅವನು ಜಗಲಿಯಲ್ಲಿ ಒರಗಿದ್ದಾಗ ಅವಳು ತೆಂಗಿನ ನಾರಿಗೆ ಬಟ್ಟೆ ಸುತ್ತಿ, ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಅದ್ದಿ, ಬಿಟ್ಟುಹೋದ ಕಡೆಯೆಲ್ಲ ತಾನೇ ಹಚ್ಚಿದಳು. ಕೆಂಪು ಮುಚ್ಚಿತು. ಆದರೆ ನಾರಿನ ಗೆರೆಗಳು ಬಿಸಿಲಿಗೆ ಎದ್ದು ಕಾಣುತ್ತಿದ್ದವು.

ಮಾರನೆಯ ಬೆಳಗ್ಗೆ ಬಣ್ಣ ಇನ್ನೂ ಹಸಿ. ಅವನು ಬಸ್‌ಸ್ಟ್ಯಾಂಡಿಗೆ ನಡೆದೇ ಹೋದ. ಬಸ್ಸು ಸ್ಟಾರ್ಟಾಗುವ ಹೊತ್ತಿಗೆ ಚನ್ನಬಸಮ್ಮ ಸೆರಗು ಹೊದ್ದು ಮುಂದಿನ ಬಾಗಿಲಿನಿಂದ ಹತ್ತಿದಳು.

"ಏನಕ್ಕಾ, ನರಸೀಪುರದಲ್ಲಿ ಒಳೆ ಸ್ನಾನಕ್ಕಾ? ಅಣ್ಣ ನಂಗೆ ಏಳ್ಲೇ ಇಲ್ಲ!" ಎಂದ ಕಂಡಕ್ಟರ್ ರಘು.

"ಊಂ ಕಣಪ್ಪ" ಎಂದು ಅವಳು ಇಂಜಿನ್ ಡಬ್ಬಿಯ ಈಚೆ, ಎಡಗಡೆಯ ಮೊದಲ ಸೀಟಿನಲ್ಲಿ ಕುಳಿತಳು. ಪುಟ್ಟಬಸವಯ್ಯ ಕತ್ತು ಹೊರಳಿಸಿ ನೋಡಿದ. ಗೇರು ಹಾಕಿದ.

ಊರು ದಾಟಿದ ಮೇಲೆ ಅವಳು ಕಿಟಕಿಯ ಕಂಬಿ ಹಿಡಿದು ರಸ್ತೆಯನ್ನೇ ನೋಡತೊಡಗಿದಳು. "ಎಡಕ್ಕೆ ಸೈಕಲ್ಲು" ಎಂದಳು, ಅವನಿಗಷ್ಟೇ ಕೇಳುವಂತೆ. ಅವನು ಬಲಕ್ಕೆ ಸರಿದ. "ಎಡಕ್ಕೆ ಕುರಿ." ನಿಧಾನ ಮಾಡಿದ. ಹೀಗೇ ಮಾರ್ಚಿನವರೆಗೆ ಸಾಗಬಹುದು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿಯೂಬಿಟ್ಟಿತು.

ನಾಲೆಯ ಸೇತುವೆ ಇಳಿಯುವಾಗ ಎದುರಿಗೆ ಕಬ್ಬಿನ ಗಾಡಿ ಬಂತು. ದಾರಿ ಬಿಡಲು ಅವನು ಎಡಕ್ಕೆ ಎಳೆದ. ಅದೇ ಹೊತ್ತಿಗೆ ಟಿಕೆಟ್ಟಿನ ಚಿಲ್ಲರೆಗೆಂದು ಯಾರೋ ಅವಳ ಭುಜ ಮುಟ್ಟಿದರು. ಅವಳು ತಿರುಗಿ ಮತ್ತೆ ಮುಂದೆ ನೋಡುವಷ್ಟರಲ್ಲಿ ಗಾಜಿನ ಮೂಲೆಯಲ್ಲಿ ಎರಡು ಜಡೆ, ಒಂದು ಖಾಕಿ ಚೀಲ.

"ರೀ, ಮಗು!"

ಬ್ರೇಕಿಗೆ ಎಲ್ಲರೂ ಮುಂದಕ್ಕೆ ಬಿದ್ದರು. ಹುಡುಗಿಯ ಚೀಲ ಬಸ್ಸಿಗೆ ತಾಗಿ ಸ್ಲೇಟು ಉದುರಿತು. ಅವಳು ಸ್ಲೇಟು ಎತ್ತಿಕೊಂಡು, ಹಲ್ಲು ಬಿಟ್ಟು ನಕ್ಕು, ಗೆಳತಿಯರ ಹಿಂದೆ ಓಡಿದಳು.

"ಏನ್ ಬಸವಣ್ಣ, ಎಂಡ್ರು ಬಂದವ್ರೆ ಅಂತ ರೋಡ್ ಬಿಟ್ಟು ಅವ್ರನ್ನೇ ನೋಡೀಯಾ?" ಎಂದು ಹಿಂದಿನಿಂದ ಯಾರೋ ಅಂದರು. ಬಸ್ಸೆಲ್ಲ ನಕ್ಕಿತು. ರಘು ನಗಲಿಲ್ಲ. ಡ್ರೈವರನ್ನು ನೋಡಿದ, ಅಕ್ಕನನ್ನು ನೋಡಿದ, ಬಾಗಿಲಿನ ಕಂಬಿಗೆ ಒರಗಿ ನಿಂತ.

ಅಲ್ಲಿಂದ ನರಸೀಪುರದವರೆಗೆ ಬಸ್ಸು ಎತ್ತಿನ ಗಾಡಿಯ ಹಾಗೆ ಹೋಯಿತು. ಸ್ಟ್ಯಾಂಡಿನಲ್ಲಿ ಜನ ಇಳಿಯುವ ಮೊದಲೇ ವಾಪಸು ಹೋಗುವವರು ಕಿಟಕಿಯೊಳಗೆ ಟವಲ್ಲು, ಚೀಲ ಎಸೆದು ಸೀಟು ಹಿಡಿಯತೊಡಗಿದರು.

"ಅಣ್ಣ, ಟೈಮಾಯ್ತದೆ" ಎಂದ ರಘು ಮೆಲ್ಲಗೆ.

ಪುಟ್ಟಬಸವಯ್ಯ ಇಂಜಿನ್ ನಿಲ್ಲಿಸಿದ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಉಗುರಿನ ಸಂದಿನಲ್ಲಿ ಕರಿ ಬಣ್ಣ ಇನ್ನೂ ಹೋಗಿರಲಿಲ್ಲ. ಆಮೇಲೆ ಕೀ ಕಿತ್ತು, ಎದುರಿನ ಗಾಜನ್ನೇ ನೋಡುತ್ತಾ, ಅದನ್ನು ಹೆಂಡತಿಯ ಕಡೆಗೆ ಚಾಚಿದ.

ಅವಳು ಕೂತಿದ್ದ ಜಾಗಕ್ಕಿಂತ ಅದು ಒಂದು ಗೇಣು ಆಚೆಗಿತ್ತು. ಚನ್ನಬಸಮ್ಮ ಸದ್ದಾಗದಂತೆ ಸೀಟಿನಲ್ಲಿ ಅಷ್ಟು ದೂರ ಸರಿದು, ಅವನ ಕೈಯ ಕೆಳಗೆ ತನ್ನ ಕೈ ಒಡ್ಡಿದಳು.